ಬಚ್ಚಲ ಗೋಡೆಯ ಐದು ನಂದಿಬಟ್ಟಲು

ನಮ್ಮ ಮನೆಯಲ್ಲಿ ಕಾಯಿ ಎಣಿಸುವುದು ಅಪ್ಪನ ಕೆಲಸ, ಹೂವು ಎಣಿಸುವುದು ನನ್ನ ಕೆಲಸ. ಅಪ್ಪ ಎಣಿಸಿದ್ದು ಅಟ್ಟಕ್ಕೆ ಹೋಗುತ್ತಿತ್ತು, ನಾನು ಎಣಿಸಿದ್ದು ತಾತನ ಪೂಜೆಗೆ. ಬಿಳಿಗೆರೆಯ ರಸ್ತೆ ಬಿಟ್ಟು ತೋಟದ ಸಾಲಿನಲ್ಲಿ ಸ್ವಲ್ಪ ಒಳಗೆ ಬಂದರೆ ಸಿಗುವ ಆ ಮನೆಯಲ್ಲಿ ಕೆಳಗೆ ನಾವು ಐದು ಜನ, ಮೇಲೆ ಅಟ್ಟದ ತುಂಬ ಕಾಯಿ. ಹೆಚ್ಚುಕಡಿಮೆ ವರ್ಷ ತುಂಬುವವರೆಗೆ ಆ ಕಾಯಿಗಳನ್ನು ಕದಲಿಸುವಂತಿಲ್ಲ. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಕೊಬ್ಬರಿ ಗಿಟುಕು ಒಳಗೆ ಲೊಟಲೊಟ ಉರುಳಬೇಕು, ಆಮೇಲೆ ಸುಲಿತ. ಅಲ್ಲಿಯವರೆಗೆ ನಮ್ಮ ಊಟ, ಓದು, ಜಗಳ, ನಿದ್ದೆ ಎಲ್ಲ ಆ ಕಾಯಿಗಳ ಕೆಳಗೇ. ಮೇಲೆ ಇಲಿ ಓಡಿದರೆ ತಟ್ಟೆಗೆ ನಾರಿನ ಪುಡಿ ಬೀಳುತ್ತಿತ್ತು. ಅಮ್ಮ ಮುದ್ದೆಯ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡೇ ಬರುತ್ತಿದ್ದಳು. ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತರೆ ಈಗಲೂ ನಾನು ಮೊದಲು ಒಂದು ಸಲ ತಲೆ ಎತ್ತಿ ಮೇಲೆ ನೋಡುತ್ತೇನೆ.

ಆ ಮನೆಯಲ್ಲಿ ಎಲ್ಲರಿಗೂ ಜಾಗ ಗೊತ್ತಿತ್ತು. ನಡುಮನೆಯ ಕಂಬದ ಪಕ್ಕ ತಾತನ ಪೂಜೆಯ ಮಣೆ. ಅಡುಗೆಮನೆಯ ಬಾಗಿಲಿಗೆ ಎದುರಾಗಿ ಗಂಗಜ್ಜಿಯ ಚಾಪೆ. ಗಂಗಜ್ಜಿ ತಾತನ ತಂಗಿ, ಗಂಡ ಹೋದ ಮೇಲೆ ಅಣ್ಣನ ಮನೆಗೆ ಬಂದು ನೆಲೆಸಿದವಳು. ಆ ಚಾಪೆಯ ಮೇಲೆ ಕೂತರೆ ಯಾರು ಏನು ಎತ್ತಿದರು, ಎಲ್ಲಿ ಇಟ್ಟರು ಎಲ್ಲ ಕಾಣುತ್ತಿತ್ತು. ಹಿಂದೆ ಹಿತ್ತಲು, ಹಿತ್ತಲಲ್ಲಿ ಬಚ್ಚಲುಮನೆ. ಬಚ್ಚಲ ಗೋಡೆಯಿಂದ ಶುರುವಾಗಿ ಬೇಲಿಯವರೆಗೆ ಸಾಲಾಗಿ ಐದು ನಂದಿಬಟ್ಟಲು. ಅಪ್ಪ ಹುಟ್ಟುವ ಮೊದಲೇ ಅವು ಹೂ ಬಿಡುತ್ತಿದ್ದವಂತೆ. ಗಿಡ ಎಂದು ಕರೆಯುತ್ತಿದ್ದೆವು, ಆದರೆ ಅವುಗಳ ತಲೆ ಬಚ್ಚಲ ಹೆಂಚಿಗೆ ತಾಗುತ್ತಿತ್ತು. ಎಲೆ ಕಡುಹಸಿರು, ಹೂವು ಅಚ್ಚ ಬಿಳಿ, ರೆಂಬೆ ಮುರಿದರೆ ಹಾಲು. ಬಟ್ಟೆಗೆ ಬಿದ್ದರೆ ಹೋಗದ ಹಾಲು. ನನ್ನ ಹಳೆಯ ಫ್ರಾಕುಗಳಲ್ಲಿ ಆ ಕಲೆ ಇಲ್ಲದ್ದು ಒಂದೂ ಇರಲಿಲ್ಲ.

ತಾತ ದಿನವೂ ಸ್ನಾನ ಮಾಡಿ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ಕೈಯಲ್ಲಿ ಲಿಂಗ ಇರುವವರೆಗೆ ಮಾತಿಲ್ಲ. ಮನೆಗೆ ಬೆಂಕಿ ಬಿದ್ದರೂ ಕೈಸನ್ನೆಯಲ್ಲೇ ತೋರಿಸುತ್ತಾರೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಪೇಟೆಯ ಹೂವು ಅವರಿಗೆ ಆಗದು. ಯಾರು ಕಿತ್ತರೋ, ಎಲ್ಲಿ ಇಟ್ಟರೋ, ಎಷ್ಟು ಸಲ ನೀರು ಚಿಮುಕಿಸಿದರೋ ಎನ್ನುತ್ತಿದ್ದರು. ನಂದಿಬಟ್ಟಲೇ ಆಗಬೇಕು, ನಮ್ಮ ಸಾಲಿನದೇ ಆಗಬೇಕು. ಎರಡನೇ ತರಗತಿಯ ಬೇಸಗೆ ರಜೆಯಲ್ಲಿ ಆ ಕೆಲಸ ನನಗೆ ಬಂತು. ಬಾಗಿಲ ಹಿಂದೆ, ನನ್ನ ಕೈಗೆ ಎಟುಕುವಷ್ಟು ಕೆಳಗೆ ಒಂದು ಮೊಳೆ ಹೊಡೆದು ತಾತ ಬೆತ್ತದ ಬುಟ್ಟಿ ನೇತುಹಾಕಿದರು.

"ಇದು ನಿಂದು ಕಣವ್ವ ರೂಪಿ. ಬೇರೆ ಯಾರೂ ಮುಟ್ಟಂಗಿಲ್ಲ."

ಕೊಬ್ಬರಿ ಮಂಡಿಯವರು ಹೊಸ ವರ್ಷಕ್ಕೆ ಅಪ್ಪನಿಗೆ ಕೊಡುತ್ತಿದ್ದ ಡೈರಿಯಲ್ಲಿ ಅಪ್ಪ ಒಂದಕ್ಷರ ಬರೆಯುತ್ತಿರಲಿಲ್ಲ. ಅದನ್ನು ನಾನು ತೆಗೆದುಕೊಂಡೆ. ಸ್ಕೇಲಿಟ್ಟು ಗೆರೆ ಎಳೆದೆ: ವಾರ, ಗಿಡದ ನಂಬರು, ಹೂವು, ಮಳೆ, ಷರಾ. ಬಚ್ಚಲ ಪಕ್ಕದ್ದು ಒಂದನೇ ನಂಬರು, ಬೇಲಿಯ ಪಕ್ಕದ್ದು ಐದನೆಯದು. ಐದನೆಯದರ ಬುಡದಲ್ಲಿ ಒಂದು ಚಪ್ಪಡಿ ಇತ್ತು. ಅದರ ಮೇಲೆ ಕೂತು ಆ ದಿನದ ಲೆಕ್ಕ ಬರೆದ ಮೇಲೇ ಶಾಲೆಯ ವ್ಯಾನಿಗೆ ಓಡುತ್ತಿದ್ದೆ. ಆ ಡೈರಿಗಳು ಈಗಲೂ ನನ್ನ ಹತ್ತಿರ ಇವೆ. ತಾರೀಖು ಅವುಗಳಲ್ಲೇ ಇರಲಿ, ಇಲ್ಲಿ ಮಳೆಯ ಹೆಸರು ಸಾಕು.

ನಾನು ಏಳನೇ ತರಗತಿ ಮುಗಿಸಿದ ಬೇಸಗೆಯಲ್ಲಿ ಸುಲಿತ ಜೋರಾಗಿತ್ತು. ಹಿತ್ತಲಲ್ಲಿ ಕಾಯಿಸಿಪ್ಪೆಯ ಗುಡ್ಡ. ತೆಂಗಿನ ಬುಡದಲ್ಲಿ ಸಿಪ್ಪೆ ಹೂಳುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಪಾತಿಯ ಸುತ್ತ ಗುಂಡಿ ತೋಡಿ, ಸಿಪ್ಪೆಯ ಒಳಮೈ ಮೇಲೆ ಬರುವಂತೆ ಬಟ್ಟಲು ಜೋಡಿಸಿದ ಹಾಗೆ ಪದರ ಪದರವಾಗಿ ಇಟ್ಟು ಮಣ್ಣು ಮುಚ್ಚಿದರೆ ಒಂದು ಮಳೆಯ ನೀರನ್ನು ಆ ಸಿಪ್ಪೆ ತಿಂಗಳುಗಟ್ಟಲೆ ಹಿಡಿದುಕೊಳ್ಳುತ್ತದೆ. ನೀರಿಲ್ಲದ ಸೀಮೆಯ ಬುದ್ಧಿ ಅದು. ಅಪ್ಪ ಆ ಸಲ ತೋಟದಲ್ಲಿ ಹೂತು ಮಿಕ್ಕ ಸಿಪ್ಪೆಯನ್ನು ತಂದು ನಂದಿಬಟ್ಟಲ ಸಾಲಿಗೂ ಉದ್ದಕ್ಕೆ ಗುಂಡಿ ತೋಡಿ ಹಾಗೇ ಜೋಡಿಸಿದ. ಅಷ್ಟೇ ಸಾಲದೆಂದು, ಚರಂಡಿಗೆ ಹೋಗುತ್ತಿದ್ದ ಬಚ್ಚಲ ನೀರನ್ನೂ ಒಂದು ಪೈಪು ಹಾಕಿ ಆ ಗುಂಡಿಗೆ ತಿರುಗಿಸಿದ.

"ತೆಂಗಿಗೆ ಒಪ್ಪೋದು ಇದಕ್ಕೊಪ್ಪಲ್ವಾ? ನೋಡ್ತಿರು, ಹೂವಿನ ಭಾರಕ್ಕೆ ರೆಂಬೆ ಬಾಗ್ತವೆ," ಎಂದ. ಷರಾ ಕಲಂನಲ್ಲಿ ನಾನು ಅದನ್ನೂ ಬರೆದುಕೊಂಡೆ: ಅಪ್ಪ ಸಿಪ್ಪೆ ಹೂತರು, ಬಚ್ಚಲ ನೀರು ಬಿಟ್ಟರು, ಭರಣಿ ಮಳೆ.

ಕೃತ್ತಿಕೆ ಜೋರಾಗಿ ಬಂತು. ರೋಹಿಣಿಯಲ್ಲಿ ಒಂದನೇ ಗಿಡದ ಲೆಕ್ಕ ಇಳಿಯಿತು. ಇಪ್ಪತ್ತೆರಡು ಕೊಡುತ್ತಿದ್ದ ಗಿಡ ಹದಿನಾಲ್ಕು ಕೊಟ್ಟಿತು, ಒಂದು ವಾರದಲ್ಲಿ ಒಂಬತ್ತು. ಎಲೆಗಳು ನಡುವಿನಿಂದ ಹಳದಿಯಾಗಿ, ಬುಡದಲ್ಲಿ ನೀರಿದ್ದರೂ ಬಾಯಾರಿದವರ ಹಾಗೆ ಜೋತುಬಿದ್ದವು. ಆಮೇಲೆ ಎರಡನೆಯದೂ ಇಳಿಯಿತು. ಐದನೆಯದು ಮಾತ್ರ ದಿನಕ್ಕೆ ಹತ್ತೊಂಬತ್ತು ಇಪ್ಪತ್ತು ಕೊಡುತ್ತಲೇ ಇತ್ತು. ಊಟದ ಹೊತ್ತಿಗೆ ನಾನು ಡೈರಿ ತಂದು ಓದಿ ಹೇಳಿದೆ. ಅಪ್ಪ ಮೊಬೈಲಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದ. ಗಂಗಜ್ಜಿ, "ನೀರು ಸಾಲ್ದೇನೋ, ಇನ್ನೆರಡು ಕೊಡ ಹಾಕು," ಎಂದಳು. ಹಾಕಿದೆ. ಆ ಎರಡು ಕೊಡದ ಬಗ್ಗೆ ನನಗೆ ಇವತ್ತಿಗೂ ಸಂಕಟ.

ಆರಿದ್ರಾ ಮಳೆಯ ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳು ಅಮ್ಮನಿಗೆ ಲಂಗದ ಕಲೆ ತೋರಿಸಿದೆ. ಅಮ್ಮ ಕೈ ತೊಳೆದುಕೊಂಡು ಬಂದು ನನ್ನ ಕೂದಲು ಹಿಂದಕ್ಕೆ ಸರಿಸಿದಳು. ಸಂಜೆಯ ಹೊತ್ತಿಗೆ ಮನೆಗೆಲ್ಲ ಗೊತ್ತಾಯಿತು. ಹಸೆ, ಆರತಿ, ಎಳ್ಳು ಬೆಲ್ಲದ ಚಿಗಳಿ, ತುಪ್ಪ ಹಚ್ಚಿದ ಕೊಬ್ಬರಿ ಬಟ್ಟಲು. ದಂಡಿನಶಿವರದಿಂದ ಅಮ್ಮನ ತವರಿನವರು ಹಸಿರು ಸೀರೆ ತಂದರು. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ನಮ್ಮ ಮನೆಯಲ್ಲಿ ಹುಡುಗಿಯರನ್ನು ಹೊರಗೆ ಕೂರಿಸುವ ಪದ್ಧತಿ ಇರಲಿಲ್ಲ. ಲಿಂಗ ಕಟ್ಟಿದವರಿಗೆ ಮೈಲಿಗೆ ಅನ್ನೋದೇ ಇಲ್ಲ ಎಂದು ತಾತ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿಯೇ ನಾನು ಬೆಳೆದದ್ದು. ನನ್ನ ಗೆಳತಿಯೊಬ್ಬಳು ಮೂರು ದಿನ ದನದ ಕೊಟ್ಟಿಗೆಯ ಪಕ್ಕ ಮಲಗುತ್ತಿದ್ದಾಗ, ನಮ್ಮನೇಲಿ ಹಾಗಿಲ್ಲಪ್ಪ ಎಂದು ಜಂಬದಿಂದ ಹೇಳಿಕೊಂಡವಳು ನಾನು.

ಮಾರನೆಯ ಬೆಳಿಗ್ಗೆ ಬಾಗಿಲ ಹಿಂದೆ ಕೈ ಹಾಕಿದೆ. ಮೊಳೆ ಇತ್ತು, ಬುಟ್ಟಿ ಇರಲಿಲ್ಲ. ಅದು ಮೇಲಿನ ಗೂಟಕ್ಕೆ ಹೋಗಿತ್ತು.

"ಇನ್ಮೇಲೆ ಹೂವು ನಿಮ್ಮಮ್ಮ ಕೀಳ್ತಾಳೆ. ಅವಳ ಮೂರು ದಿನಕ್ಕೆ ನಾನಿದೀನಿ," ಎಂದಳು ಗಂಗಜ್ಜಿ.

"ನಮಗೆ ಮೈಲಿಗೆ ಇಲ್ವಲ್ಲ ಅಜ್ಜಿ?"

"ಮನುಷ್ಯರಿಗಿಲ್ಲ ಕಣೇ. ಗಿಡಕ್ಕೆ ಗೊತ್ತಾಗುತ್ತಾ ಅದು?"

ನಾನು ತಾತನ ಕಡೆ ತಿರುಗಿದೆ. ತಾತ ಎರಡು ಮಾರು ದೂರದಲ್ಲಿ ವಿಭೂತಿ ಗಟ್ಟಿ ತೇಯುತ್ತಿದ್ದರು. ಅವರ ಕೈಯಲ್ಲಿ ಇನ್ನೂ ಲಿಂಗ ಇರಲಿಲ್ಲ, ಮಾತಾಡಬಹುದಿತ್ತು.

ಆರಿದ್ರಾ ಕಳೆಯುವಷ್ಟರಲ್ಲಿ ಒಂದನೇ ಗಿಡ ಪೂರ್ತಿ ಒಣಗಿತು. ಎಲೆ ಉದುರಲೂ ಇಲ್ಲ, ಕಂದು ಬಣ್ಣಕ್ಕೆ ತಿರುಗಿ ರೆಂಬೆಯಲ್ಲೇ ನೇತಾಡಿದವು. ಎರಡನೆಯದು, ಮೂರನೆಯದು ಹಳದಿ. ಗಂಗಜ್ಜಿ ಒಂದು ಒಣ ಎಲೆ ಕಿತ್ತು ತಂದು, ನಾವೆಲ್ಲ ಊಟಕ್ಕೆ ಕೂತಿದ್ದಾಗ, ತಾತನ ತಟ್ಟೆಯ ಪಕ್ಕ ಇಟ್ಟಳು.

"ನೋಡಣ್ಣ. ನಮ್ಮವ್ವ ನೆಟ್ಟ ಗಿಡ. ಇಷ್ಟು ವರ್ಷ ಏನಾಗಿರ್ಲಿಲ್ಲ. ಈ ಹುಡುಗಿ ದೊಡ್ಡೋಳಾದ ತಿಂಗಳೇ ಹೋಯ್ತು. ಯಾವಾಗ ನೋಡಿದ್ರೂ ಆ ಕೊನೇ ಗಿಡದ ಬುಡದಲ್ಲಿ ಕೂತಿರ್ತಾಳೆ. ನೆರಳು ಬೀಳದೆ ಇರುತ್ತಾ?"

ನನ್ನ ಕೈಯಲ್ಲಿ ಮುದ್ದೆಯ ತುತ್ತು ಇತ್ತು. ಅದನ್ನು ನುಂಗಿದೆನೋ ಇಟ್ಟೆನೋ ನೆನಪಿಲ್ಲ. ನೆನಪಿರುವುದು ಇಷ್ಟು: ಅಪ್ಪ ಸಾರು ಹಾಕಿಸಿಕೊಳ್ಳಲು ತಟ್ಟೆ ಚಾಚಿದ. ತಾತ ಆ ಎಲೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. "ಇರ್ಲಿ ಬುಡು ಗಂಗೂ, ಊಟ ಮಾಡು," ಎಂದರು. ಬಿಡು ಎಂದರು, ಸುಳ್ಳು ಎನ್ನಲಿಲ್ಲ. ಆ ಎರಡು ಮಾತುಗಳ ನಡುವೆ ಎಷ್ಟು ದೂರ ಎಂದು ನಾನು ಕಲಿತದ್ದು ಆ ತಟ್ಟೆಯ ಮುಂದೆ. ಆ ದಿನವೇ ಡೈರಿಯಲ್ಲಿ ಷರಾದ ಪಕ್ಕ ಇನ್ನೊಂದು ಗೆರೆ ಎಳೆದು ಹೊಸ ಕಲಂ ಮಾಡಿದೆ: ಯಾರು ಏನಂದರು.

ಅದರ ಹಿಂದಿನ ವರ್ಷ ನಮ್ಮ ತೋಟದಲ್ಲಿ ಎರಡು ತೆಂಗಿನ ಮರಕ್ಕೆ ಅಣಬೆ ರೋಗ ಬಂದಿತ್ತು. ಬುಡದಿಂದ ಕೆಂಪಗೆ ಅಂಟು ಸೋರಿ, ಗರಿ ಜೋತುಬಿದ್ದು, ಬೇರು ಕೊಳೆಯುವ ರೋಗ. ಆಗ ಈ ಮನೆ ಏನು ಮಾಡಿತು ಎಂಬುದೂ ಡೈರಿಯಲ್ಲಿದೆ. ಅಪ್ಪ ಆ ದಿನವೇ ಬೈಕು ಹತ್ತಿ ತಿಪಟೂರಿಗೆ ಹೋದ. ತೋಟಗಾರಿಕೆಯವರನ್ನು ಕರೆತಂದ. ಅವರು ಬೇರು ಅಗೆದು ನೋಡಿದರು, ಮೂಸಿದರು. ಮರದ ಸುತ್ತ ಕಾಲುವೆ ತೋಡಿಸಿ ಬೇರೆ ಮರಕ್ಕೆ ರೋಗ ದಾಟದ ಹಾಗೆ ಮಾಡಿದರು. ಬೇವಿನ ಹಿಂಡಿ ಬಂತು, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಮುಲಾಮು ಬಂತು. ಆ ಮರದ ಬುಡದಲ್ಲಿ ಅಮ್ಮ ವರ್ಷವಿಡೀ ಹುಲ್ಲು ಕೊಯ್ದಿದ್ದಳು. ಯಾರ ನೆರಳು ಬಿತ್ತು ಎಂದು ಒಬ್ಬರೂ ಕೇಳಲಿಲ್ಲ. ತೆಂಗಿಗೆ ರೋಗ ಬಂದರೆ ಬೇರು ನೋಡುತ್ತಾರೆ, ಹೂವಿನ ಗಿಡಕ್ಕೆ ಬಂದರೆ ಮನೆಯ ಹೆಣ್ಣುಮಕ್ಕಳನ್ನು ನೋಡುತ್ತಾರೆ. ಹದಿಮೂರು ವರ್ಷದ ನನಗೆ ಇದು ಅರ್ಥವಾಗಿತ್ತು. ಅರ್ಥವಾಗಲು ಬೇಕಾದ್ದು ಎರಡು ವರ್ಷದ ಡೈರಿ ಮಾತ್ರ.

ಹಳೆಯ ಪುಟ ತೆಗೆದು ಅಪ್ಪನಿಗೆ ತೋರಿಸಿದೆ. ಒಂದನೇ ಗಿಡದ ಲೆಕ್ಕ ಇಳಿದದ್ದು ರೋಹಿಣಿಯಲ್ಲಿ. ನಾನು ದೊಡ್ಡವಳಾದದ್ದು ಆರಿದ್ರೆಯಲ್ಲಿ. ಮಧ್ಯೆ ಮೂರು ವಾರಕ್ಕೂ ಹೆಚ್ಚು. ನಾನು ದಿನಾ ಕೂರುವುದು ಐದನೇ ಗಿಡದ ಬುಡದಲ್ಲಿ. ಅದಕ್ಕೆ ಏನೂ ಆಗಿಲ್ಲ. ಒಣಗಿದ್ದು ಬಚ್ಚಲ ಪೈಪಿನ ಬಾಯಿಗೆ ಹತ್ತಿರದ್ದು, ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು.

"ನೀರು ಹೋದ ದಾರೀಲೇ ರೋಗ ಹೋಗಿದೆ ಅಪ್ಪ. ಸಿಪ್ಪೆ ಒಳಗೆ ನೀರು ನಿಂತು ಬೇರು ಕೊಳೀತಿದೆ."

"ನಂಗೆ ವ್ಯವಸಾಯ ಹೇಳ್ಕೊಡ್ತೀಯೇನೇ?" ಅಪ್ಪ ಸಿಟ್ಟಾಗಿರಲಿಲ್ಲ, ನಗುತ್ತಿದ್ದ. "ಹಳೇ ಗಿಡ, ವಯಸ್ಸಾಯ್ತು. ಹೋದ್ರೆ ಹೋಗ್ಲಿ ಬುಡು. ಈ ಸಾಲನ್ನ ಕಿತ್ತಾಕಿ ಎರಡು ತೆಂಗಿನ ಸಸಿ ಇಡ್ತೀನಿ. ಗಂಗತ್ತೆ ಬಾಯೂ ಮುಚ್ಚುತ್ತೆ."

ಗಿಡ ಕಿತ್ತರೆ ಗಂಗಜ್ಜಿಯ ಬಾಯಿ ಮುಚ್ಚುತ್ತಿರಲಿಲ್ಲ. ಗಿಡ ಹೋಗಿ, ಮಾತು ಮಾತ್ರ ಉಳಿಯುತ್ತಿತ್ತು. ಸಾಕ್ಷಿ ಮಣ್ಣಿನ ಒಳಗಿತ್ತು. ಕಿತ್ತು ಸುಟ್ಟರೆ ಮುಂದೆ ನನ್ನ ಮದುವೆಯ ಮಾತು ಬಂದಾಗಲೂ, ನನ್ನ ಮಗಳ ಕಾಲದಲ್ಲೂ, ಇವಳ ನೆರಳಿಗೆ ಐದು ಗಿಡ ಹೋದವು ಎನ್ನುತ್ತಾರೆ. ಹಾಗಾಗಿ ಆ ಗಿಡಗಳು ಉಳಿಯಲೇಬೇಕಿತ್ತು. ಹೂವಿನ ಮೇಲಿನ ಪ್ರೀತಿ ಎಂದು ಈಗ ಬರೆದುಕೊಂಡರೆ ಚೆನ್ನಾಗಿ ಕಾಣುತ್ತದೆ. ನಿಜವಾಗಿ ನನಗಿದ್ದದ್ದು ಸಿಟ್ಟು.

ಪುಷ್ಯ ಮಳೆಯಲ್ಲಿ ಗಂಗಜ್ಜಿ ಹೊನ್ನವಳ್ಳಿಯ ಮಗಳ ಮನೆಗೆ ಹೋದಳು. ನಾಲ್ಕು ದಿನಕ್ಕೆ ವಾಪಸು ಬರುವವಳು. ಮೂರನೆಯ ದಿನ ಭಾನುವಾರ, ಅಪ್ಪ ತಾತನನ್ನು ಕರೆದುಕೊಂಡು ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದ. ನಾನು ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ನಡೆದೆ. ಅಮ್ಮ ಬಟ್ಟೆ ಒಗೆಯುತ್ತಿದ್ದಳು.

"ಇವತ್ತು ನಿಂಗೆ ಎರಡನೇ ದಿನ ಅಲ್ವೇನೇ?"

"ಹೂಂ."

"ಇನ್ನೆರಡು ದಿನ ತಡೆಯೋಕಾಗಲ್ವಾ?"

"ನಾಳೆ ಅಜ್ಜಿ ಬರ್ತಾಳೆ. ನಾಳಿದ್ದು ಅಪ್ಪ ಸಾಲು ಕೀಳಿಸ್ತಾರೆ."

ಅಮ್ಮ ಕೈಯಲ್ಲಿದ್ದ ಪಂಚೆಯನ್ನು ಹಿಂಡಿದಳು. ಹಿಂಡಿದ್ದನ್ನೇ ಇನ್ನೊಂದು ಸಲ ಹಿಂಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡಳು.

"ನೀನು ಹೀಗೆ ಅಗೆದ್ರೆ ಬೇರೇ ಕತ್ತರಿಸ್ತೀಯ. ಬಗ್ಗಿ ಮಣ್ಣು ಎತ್ತು. ಹೊಟ್ಟೆ ನೋವಿದ್ರೆ ಹೇಳು."

ಮೊದಲು ಪೈಪು ಬಿಚ್ಚಿ ಬಚ್ಚಲ ನೀರನ್ನು ಬಾಳೆಯ ಕಡೆ ತಿರುಗಿಸಿದೆವು. ಆಮೇಲೆ ಮಣ್ಣು ಸರಿಸಿದೆವು. ಒಂದು ಗೇಣಿನ ಕೆಳಗೆ ಸಿಪ್ಪೆಗಳು, ಒಂದರ ಪಕ್ಕ ಒಂದು, ಅಪ್ಪ ಜೋಡಿಸಿದ ಹಾಗೇ ಅಚ್ಚುಕಟ್ಟಾಗಿ. ಪ್ರತಿಯೊಂದರಲ್ಲೂ ಕಪ್ಪು ನೀರು ತುಂಬಿ ನಿಂತಿತ್ತು. ನಾರು ನೆನೆಹಾಕಿದ ಹೊಂಡದ ವಾಸನೆ ಎದ್ದಿತು. ಅಮ್ಮ ಸೆರಗನ್ನು ಮೂಗಿಗೆ ಹಿಡಿದಳು. ಒಂದನೇ ಗಿಡದ ಬೇರು ಹಿಡಿದು ಎಳೆದರೆ ಒದ್ದೆ ಕಾಲುಚೀಲ ಕಳಚಿದ ಹಾಗೆ ತೊಗಟೆ ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ರೆಂಬೆ ಮುರಿದೆ. ಹಾಲಿಲ್ಲ. ಕೆಳಗಿನ ಕಾಂಡ ಗೀರಿದೆ. ಅಲ್ಲೂ ಹಾಲಿಲ್ಲ. ಡೈರಿಯಲ್ಲಿ ಬರೆದೆ: ಒಂದು, ಹಾಲು ಇಲ್ಲ. ಎರಡನೆಯದರ ಮೇಲಿನ ರೆಂಬೆಗಳಲ್ಲಿ ಇರಲಿಲ್ಲ, ಬುಡದ ಹತ್ತಿರ ಒಂದು ಹನಿ ನಿಧಾನವಾಗಿ ಮೂಡಿತು. ಅದನ್ನು ನೋಡಿ ಅಮ್ಮ, "ಇದೆ ಕಣೇ," ಎಂದು ಪಿಸುಗುಟ್ಟಿದಳು, ಮಗುವಿನ ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡಿದವಳ ಹಾಗೆ.

ತೆಂಗಿಗೆ ಮಾಡಿದ್ದನ್ನೇ ಇವಕ್ಕೂ ಮಾಡಿದೆವು. ಈ ಸಲ ಸರಿಯಾದ್ದನ್ನು. ಸಿಪ್ಪೆಯನ್ನೆಲ್ಲ ಹೊರಗೆಳೆದೆವು. ನಾಲ್ಕನೆಯದರ ಬೇರೂ ಕಪ್ಪಾಗತೊಡಗಿತ್ತು, ಐದನೆಯದರದು ಮಾತ್ರ ಬಿಳಿಯಾಗಿಯೇ ಇತ್ತು. ಮಚ್ಚನ್ನು ಪ್ರತಿ ಗಿಡಕ್ಕೂ ಒಂದೊಂದು ಸಲ ಕುದಿಯುವ ನೀರಿಗೆ ಅದ್ದಿ, ಕಪ್ಪಾದ ಬೇರನ್ನು ಬಿಳಿ ಕಾಣುವವರೆಗೆ ಕತ್ತರಿಸಿದೆವು. ಕತ್ತರಿಸಿದ ಬಾಯಿಗೆ ಅಪ್ಪನ ಮುಲಾಮು ಬಳಿದೆವು. ಅರ್ಧ ಬೇರು ಹೋದ ಗಿಡ ಪೂರ್ತಿ ತಲೆ ಹೊರಲಾರದು, ಅದಕ್ಕೆ ಮೇಲೂ ಅರ್ಧ ತರಿದೆವು. ಹೂವಿದ್ದ ರೆಂಬೆ ಕಡಿಯುವಾಗ ನನ್ನ ಕೈ ತಡೆಯಿತು, ಅಮ್ಮನ ಕೈ ತಡೆಯಲಿಲ್ಲ. ಬೇರಿಗೆ ಗಾಳಿಯಾಡಲು ಗುಂಡಿಯನ್ನು ಹಾಗೇ ಬಿಟ್ಟು, ಮಳೆ ಬಿದ್ದರೆ ಮುಚ್ಚಲು ಕೊಬ್ಬರಿ ಒಣಗಿಸುವ ಟಾರ್ಪಾಲು ತಂದೆವು. ಮಣ್ಣು ತುಂಬುವುದು ಐದು ದಿನದ ಮೇಲೆ. ಮರಳು, ಕೆಂಪು ಮಣ್ಣು, ಬೇವಿನ ಹಿಂಡಿ, ಬುಡ ದಿಬ್ಬದ ಹಾಗೆ ಎತ್ತರ. ಒಂದನೆಯದನ್ನು ಬೇರು ಸಮೇತ ತೆಗೆದು ದೂರ ಸುಟ್ಟೆವು. ಅದರಲ್ಲಿ ಉಳಿಸುವಂಥದ್ದು ಏನೂ ಇರಲಿಲ್ಲ. ಆ ದಿನದ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತಿದೆ. ನನ್ನ ಆ ದಿನಗಳಿಗೆ ನಾನು ಹಾಕುತ್ತಿದ್ದ ಗುರುತು ಅದು.

ಸಂಜೆ ಅಪ್ಪ ಬಂದು ಸಿಪ್ಪೆಯ ರಾಶಿ ನೋಡಿದ. ಯಾರು ತೆಗೆದದ್ದು ಎಂದ. ಅಮ್ಮ ಕತ್ತರಿಸಿಟ್ಟಿದ್ದ ಒಂದು ಬೇರನ್ನು ಅವನ ಕೈಗೆ ಕೊಟ್ಟಳು. ಅಪ್ಪ ಕುಕ್ಕರಗಾಲಲ್ಲಿ ಕೂತು ಅದನ್ನು ಉಜ್ಜಿದ, ಮೂಸಿದ, ಗುಂಡಿಯೊಳಗಿನ ಕಪ್ಪು ನೀರನ್ನು ನೋಡಿದ. ಬೇರು ಬಲ್ಲವನು. ಅವನಿಗೆ ತಿಳಿಯಿತು ಎಂಬುದು ನನಗೆ ತಿಳಿಯಿತು.

"ಕಾರ್ತಿಕದವರೆಗೂ ನೋಡ್ತೀನಿ," ಎಂದು ಎದ್ದ. ಮರುದಿನ ಗಂಗಜ್ಜಿ ಬಂದು ತರಿದ ಗಿಡಗಳನ್ನು ನೋಡಿ, ಏನಿದು ಎಂದಾಗ, "ನಾನೇ ಕಡಿಸ್ದೆ ಅತ್ತೆ," ಎಂದುಬಿಟ್ಟ. ಯಾಕೆ ಕಡಿಸಿದ, ಗುಂಡಿಯಲ್ಲಿ ಏನಿತ್ತು, ಯಾರು ಹೂತದ್ದು, ಒಂದೂ ಹೇಳಲಿಲ್ಲ. ನನ್ನನ್ನು ಕಾಪಾಡಿದೆ ಎಂದು ಅಪ್ಪ ಅಂದುಕೊಂಡಿರಬೇಕು. ಅವನು ಕಾಪಾಡಿದ್ದು ತನ್ನ ಸಿಪ್ಪೆಯನ್ನು.

ಆಮೇಲಿನ ತಿಂಗಳುಗಳಲ್ಲಿ ಡೈರಿಯ ಹೂವಿನ ಕಲಂನಲ್ಲಿ ಸಾಲುಸಾಲು ಸೊನ್ನೆ. ತಾತನ ಪೂಜೆಗೆ ಐದನೇ ಗಿಡ ಒಂದೇ ದುಡಿಯಿತು. ಹಿತ್ತಲಿಗೆ ಹೋಗಬೇಡ ಎಂದು ನನಗೆ ಅಪ್ಪಣೆಯಾಗಿತ್ತು. ಗಂಗಜ್ಜಿ ಸ್ನಾನಕ್ಕೆ ಹೋದಾಗ ನಾನು ಹೋಗುತ್ತಿದ್ದೆ. ಬುಡದ ಮಣ್ಣಿಗೆ ಬೆರಳು ಚುಚ್ಚಿ, ಒಣಗಿದ್ದರೆ ಮಾತ್ರ ಒಂದು ತಂಬಿಗೆ ನೀರು. ಯಾವ ದಿನವನ್ನೂ ಬಿಡಲಿಲ್ಲ. ಸೊನ್ನೆ ಸುತ್ತಿದ ದಿನಗಳಲ್ಲಿ ಬೇಕೆಂದೇ ಹೋಗುತ್ತಿದ್ದೆ, ಬೇಕೆಂದೇ ಬುಡ ಮುಟ್ಟುತ್ತಿದ್ದೆ. ಮಘೆಯ ಕೊನೆಗೆ ನಾಲ್ಕನೆಯದು ಚಿಗುರಿತು. ಹುಬ್ಬೆಯಲ್ಲಿ ಮೂರನೆಯದು. ಎರಡನೆಯದು ಏನೂ ಹೇಳದೆ ನಿಂತಿತ್ತು. ಹಸ್ತ ಮಳೆಯಲ್ಲಿ ಒಂದು ಬೆಳಿಗ್ಗೆ ಅದರ ಬೋಳು ಕಾಂಡದ ಮೇಲೆ ರಾಗಿ ಕಾಳಿನಷ್ಟು ಹಸಿರು ಕಂಡಿತು. ಶಾಲೆಯ ವ್ಯಾನು ತಪ್ಪಿತು.

ಕಾರ್ತಿಕದ ಮೊದಲ ಸೋಮವಾರ. ನಾಲ್ಕೂ ಗಿಡದಲ್ಲಿ ಹೂವಿತ್ತು. ಅಮ್ಮ ಬುಟ್ಟಿ ತಂದು ಮಣೆಯ ಪಕ್ಕ ಇಟ್ಟಳು. ತಾತ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದರು. ಅಪ್ಪ ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದ. ಗಂಗಜ್ಜಿ ಬುಟ್ಟಿ ನೋಡಿ ತೃಪ್ತಿಯಿಂದ ಹೇಳಿದಳು:

"ನೋಡಿದ್ಯಾ ಅಣ್ಣ. ಹುಡುಗೀನ ಆ ಕಡೆ ಬಿಡೋದು ನಿಲ್ಸಿದ್ವಿ, ಗಿಡ ಎದ್ದವು. ನಾನು ಹೇಳಿದ್ದು ಸುಳ್ಳಾ?"

ನಾನು ಒಳಗೆ ಹೋಗಿ ಡೈರಿ ತಂದೆ. ನಡುಮನೆಯ ಮಧ್ಯೆ ನಿಂತು ಪಾಠ ಓದುವ ಹಾಗೆ ಓದಿದೆ. ಬೇರು ಕತ್ತರಿಸಿದ್ದು ಪುಷ್ಯ ಮಳೆ, ಭಾನುವಾರ, ನನ್ನ ಎರಡನೇ ದಿನ. ಮಣ್ಣು ತುಂಬಿದ್ದು ಅದಾಗಿ ಐದು ದಿನಕ್ಕೆ. ನಾಲ್ಕನೆಯದರ ಚಿಗುರು ಮುಟ್ಟಿ ನೋಡಿದ್ದು ಮೊದಲ ದಿನ. ಎರಡನೆಯದಕ್ಕೆ ನೀರು ಹಾಕಿದ್ದು ಮೂರನೇ ದಿನ. ಇವತ್ತಿನ ಲೆಕ್ಕ, ಎರಡನೇ ಗಿಡದಿಂದ ನಾಲ್ಕು, ಮೂರನೆಯದರಿಂದ ಏಳು, ನಾಲ್ಕನೆಯದರಿಂದ ಹನ್ನೊಂದು, ಐದನೆಯದರಿಂದ ಇಪ್ಪತ್ತು.

"ಇವತ್ತು ನನ್ನ ಎರಡನೇ ದಿನ. ಬೆಳಿಗ್ಗೆ ಈ ಹೂವು ಕಿತ್ತಿದ್ದು ನಾನು. ಅಮ್ಮ ತಂದಿಟ್ಟಿದ್ದು ಅಷ್ಟೆ."

ಗಂಗಜ್ಜಿ ಕೆನ್ನೆಗೆ ಕೈ ಇಟ್ಟುಕೊಂಡಳು. "ಅಯ್ಯೋ ಇವಳ ಬಾಯಿಗೆ ಮಣ್ಣು ಹಾಕ. ಅಣ್ಣ, ಆ ಹೂವು ಬೇಡ, ಕೆಳಗಿಡು. ಇವಳಮ್ಮನಿಗಾದ್ರೂ ಬುದ್ಧಿ ಬೇಡ್ವಾ?"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಮಾವನ ಎದುರು ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಗಲೂ ಜೋರಾಗಿ ಆಡಲಿಲ್ಲ.

"ಅತ್ತೆ, ನಿಮ್ಮ ಮಗಳ ಬಾಣಂತನಕ್ಕೆ ಹೊನ್ನವಳ್ಳೀಲಿ ಎರಡು ತಿಂಗಳಿದ್ರಿ. ರೂಪಿ ಆಗ ಅಂಗನವಾಡಿಗೆ ಹೋಗ್ತಿದ್ಲು. ಆ ಎರಡು ತಿಂಗಳು ಮಾವನ ಪೂಜೆಗೆ ಒಂದು ದಿನ ಹೂವು ತಪ್ಪಿತ್ತಾ? ನಾನೊಬ್ಬಳೇ ಇದ್ದೆ. ಮೂರು ದಿನಕ್ಕೆ ಅಂತ ಬೇರೆ ಯಾರು ಬಂದು ಕಿತ್ಕೊಟ್ರು?"

ಅಟ್ಟದ ಮೇಲೆ ಒಂದು ಕಾಯಿ ಉರುಳಿತು. ಎಲ್ಲರೂ ತಾತನನ್ನು ನೋಡಿದೆವು. ಅವರ ಬಲಗೈಯಲ್ಲಿ ಒಂದು ನಂದಿಬಟ್ಟಲು ಇತ್ತು. ಅದನ್ನು ಅವರು ಎಷ್ಟು ಹೊತ್ತು ಹಿಡಿದಿದ್ದರು ಎಂದು ಎಣಿಸಲು ನನಗೆ ಆಗಲಿಲ್ಲ. ನಾನು ಎಣಿಸದೇ ಬಿಟ್ಟದ್ದು ಅದೊಂದೇ. ಆಮೇಲೆ ಅದನ್ನು ಲಿಂಗದ ಮೇಲೆ ಇಟ್ಟರು. ಇನ್ನೊಂದು ತೆಗೆದುಕೊಂಡರು, ಇಟ್ಟರು. ಬುಟ್ಟಿ ಖಾಲಿಯಾಗುವವರೆಗೆ ಇಟ್ಟರು. ಪೂಜೆ ಮುಗಿಯಿತು, 'ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ' ಎನ್ನಲು ಬಾಯಿ ಬಿಡುವಾಗಿತ್ತು. ಅವರು ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದರು. ಗಂಗಜ್ಜಿ ಆ ದಿನ ಊಟ ಬಿಟ್ಟಳು, ಮಾರನೆಯ ದಿನ ಮಾಡಿದಳು. ಅಪ್ಪ ಕಾಫಿ ಲೋಟ ತೊಳೆದಿಟ್ಟ. ಅದು ಅವನು ಎಂದೂ ಮಾಡದ ಕೆಲಸ. ಅದನ್ನೂ ಬರೆದಿದ್ದೇನೆ.

ಮರುದಿನ ಬೆಳಿಗ್ಗೆ ನಾನು ಸ್ಟೂಲು ಎಳೆದು ಹತ್ತಿ ಮೇಲಿನ ಗೂಟದಿಂದ ಬುಟ್ಟಿ ಇಳಿಸಿದೆ. ಕೆಳಗಿನ ಮೊಳೆಗೇ ನೇತುಹಾಕಿದೆ. ಯಾರೂ ಕೊಡಲಿಲ್ಲ, ಯಾರೂ ತಡೆಯಲೂ ಇಲ್ಲ.

ಈಗ ನಾನು ತಿಪಟೂರಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಕೊಠಡಿಯಲ್ಲಿ ಕೆಲಸ ಮಾಡುತ್ತೇನೆ. ಚೀಲದಲ್ಲಿ ಮಣ್ಣು ತಂದು ಮೇಜಿನ ಮೇಲಿಟ್ಟು, ಯಾರದೋ ಕಣ್ಣು ಬಿತ್ತು ಮೇಡಂ ಎನ್ನುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ನೀರು ಎಲ್ಲಿ ನಿಲ್ಲುತ್ತೆ ಎಂದು ನಾನು ಕೇಳುತ್ತೇನೆ. ಭಾನುವಾರ ಮನೆಗೆ ಹೋದಾಗ ಹೂವು ಕೀಳುವುದು ಇನ್ನೂ ನನ್ನದೇ ಕೆಲಸ. ನಾಲ್ಕು ಗಿಡಗಳೂ ಮತ್ತೆ ಹೆಂಚಿಗೆ ತಾಗಿವೆ. ಗಂಗಜ್ಜಿ ಬಂದ ನೆಂಟರಿಗೆ, ಇವೆಲ್ಲ ಸಾಯೋ ಗಿಡ, ನಮ್ಮ ರೂಪಿ ಕೈಗುಣಕ್ಕೆ ಎದ್ದವು ಎಂದು ತೋರಿಸುತ್ತಾಳೆ. ಹೋದಾಗ ನೆರಳು, ಉಳಿದಾಗ ಕೈಗುಣ. ಬೇರಿನ ಮಾತು ಅವಳಿಗೆ ಇವತ್ತಿಗೂ ಬೇಡ.

ಆ ಕಾರ್ತಿಕ ಸೋಮವಾರದ ಪುಟವನ್ನು ಆಗಾಗ ತೆಗೆದು ನೋಡುತ್ತೇನೆ. ಹೂವು ನಲವತ್ತೆರಡು. ಮಳೆ ಇಲ್ಲ. ಮೂಲೆಯಲ್ಲಿ ಪೆನ್ಸಿಲಿನ ಸೊನ್ನೆ. ಕೊನೆಯ ಕಲಂನಲ್ಲಿ, ಯಾರು ಏನಂದರು ಎಂಬಲ್ಲಿ, ಗಂಗಜ್ಜಿಯ ಮಾತಿದೆ, ಅಮ್ಮನ ಮಾತಿದೆ. ಅದರ ಕೆಳಗೆ 'ತಾತ' ಎಂದು ಬರೆದು ಎರಡು ಸಾಲು ಜಾಗ ಬಿಟ್ಟಿದ್ದೇನೆ. ತಾತನಿಗೆ ಈಗ ಕಿವಿ ಮಂದ, ಮಾತು ಸ್ಪಷ್ಟವಾಗಿಯೇ ಇದೆ. ಜಾಗವೂ ಹಾಗೇ ಇದೆ.